ಕೊಪ್ಪಾ ಇಟಾಲಿಯಾ: ಗೆದ್ದವರ ಪಟ್ಟಿಯನ್ನು ಓದುವುದು ಹೇಗೆ?

ಶುರು ಮಾಡೋಕೆ ಮುಂಚೆ ಎರಡು ವಿಷಯ ಹೇಳಿಬಿಡ್ತೀನಿ. ಒಂದು, ನಾನು ಓದಿದ್ದೆಲ್ಲ ಇಂಗ್ಲಿಷ್ ಮೀಡಿಯಂ. ಕನ್ನಡ ನನಗೆ ಸೆಕೆಂಡ್ ಲ್ಯಾಂಗ್ವೇಜ್ ಆಗಿತ್ತು, ಅದೂ ಹತ್ತನೇ ಕ್ಲಾಸಿನವರೆಗೆ ಮಾತ್ರ. ಒತ್ತಕ್ಷರ ಎಲ್ಲಾದರೂ ಜಾರಿದ್ದರೆ ಕ್ಷಮಿಸಿ. ಎರಡು, ನಾನು ಶಾಲೆಯಲ್ಲಿ ಫುಟ್‌ಬಾಲ್ ಗೋಲ್‌ಕೀಪರ್ ಆಗಿದ್ದೆ. ಎಂಟನೇ ಕ್ಲಾಸಿನವರೆಗೆ ಹುಡುಗೀರ ಟೀಮ್ ಇತ್ತು. ಒಂಬತ್ತಕ್ಕೆ ಬಂದಾಗ ಇರಲಿಲ್ಲ. ನಿಲ್ಲಿಸಿದ್ದೀವಿ ಅಂತ ಯಾರೂ ಹೇಳಲಿಲ್ಲ. ನೋಟಿಸ್ ಬೋರ್ಡಿನಲ್ಲಿ ನಮ್ಮ ಪಟ್ಟಿ ಬರಲಿಲ್ಲ, ಅಷ್ಟೆ. ಈ ಎರಡನೇ ವಿಷಯ ಲೇಖನದ ಕೊನೆಗೆ ಬೇಕಾಗತ್ತೆ, ನೆನಪಿಟ್ಟುಕೊಳ್ಳಿ.

ನಮ್ಮ ಹಾಸ್ಟೆಲ್‌ಗಳಲ್ಲಿ ರಾತ್ರಿ ನಿದ್ದೆಗೆಟ್ಟು ಇಟಲಿಯ ಲೀಗ್ ನೋಡೋರು ಬೇಕಾದಷ್ಟು ಜನ ಇದ್ದಾರೆ. ಯುವೆಂಟಸ್, ಮಿಲಾನ್, ರೋಮಾ ಅಂದ್ರೆ ಆಟಗಾರರ ಹೆಸರು ಪಟಪಟ ಅಂತ ಹೇಳ್ತಾರೆ. ಅಲ್ಲಿ ಮಹಿಳೆಯರಿಗೂ ಒಂದು ಕಪ್ ಇದೆ ಅಂದರೆ ಮಾತ್ರ "ಹೌದಾ, ಯಾವಾಗಿಂದ?" ಅಂತಾರೆ. 1971ರಿಂದ ಇದೆ. ಅದರ ಹೆಸರು ಕೊಪ್ಪಾ ಇಟಾಲಿಯಾ ಫೆಮ್ಮಿನೀಲೆ, ಅಂದರೆ ಮಹಿಳೆಯರ ಇಟಲಿ ಕಪ್.

ಈ ಲೇಖನದಲ್ಲಿ ಆ ಕಪ್ ಗೆದ್ದವರ ಪಟ್ಟಿಯನ್ನು ಒಂದು ಡೇಟಾ ಥರ ಓದೋಣ. ಯಾರು ಎಷ್ಟು ಗೋಲು ಹೊಡೆದರು ಅನ್ನೋದು ಆ ಪಟ್ಟಿಯಲ್ಲಿ ಇರಲ್ಲ. ಆದರೆ ಹೆಣ್ಣುಮಕ್ಕಳ ಆಟಕ್ಕೆ ಯಾವ ಕಾಲದಲ್ಲಿ ಯಾರು ಜಾಗ ಕೊಟ್ಟರು ಅನ್ನೋದು ಸ್ಪಷ್ಟವಾಗಿ ಕಾಣತ್ತೆ.

ಲೀಗ್ ಬೇರೆ, ಕಪ್ ಬೇರೆ

ಫುಟ್‌ಬಾಲ್ ನೋಡದವರಿಗೆ ಒಂದು ಸಣ್ಣ ಪಾಠ. ಲೀಗ್ ಅಂದರೆ ಎಲ್ಲ ಟೀಮ್‌ಗಳೂ ಎಲ್ಲ ಟೀಮ್‌ಗಳ ಜೊತೆ ಆಡಿ, ವರ್ಷದ ಕೊನೆಗೆ ಪಾಯಿಂಟ್ ಕೂಡಿಸಿ ನೋಡುವುದು. ನಮ್ಮ ಇಂಟರ್ನಲ್ಸ್, ಅಸೈನ್‌ಮೆಂಟ್, ಲ್ಯಾಬ್ ಎಲ್ಲ ಸೇರಿ ಬರುವ ಮಾರ್ಕ್ಸ್ ಇದ್ದ ಹಾಗೆ. ಕಪ್ ಅಂದರೆ ಸೋತವರು ಹೊರಗೆ, ಗೆದ್ದವರು ಮುಂದಿನ ಸುತ್ತಿಗೆ. ಒಂದು ಕೆಟ್ಟ ದಿನ ಬಂದರೆ ದೊಡ್ಡ ಟೀಮೂ ಮನೆಗೆ ಹೋಗಬೇಕು. ಅದಕ್ಕೇ ಕಪ್‌ನಲ್ಲಿ ಸಣ್ಣವರಿಗೆ ಒಂದು ಆಸೆ ಇರತ್ತೆ. ಗಂಡಸರ ಕೊಪ್ಪಾ ಇಟಾಲಿಯಾವನ್ನು ಮೊಟ್ಟಮೊದಲು, 1922ರಲ್ಲಿ, ಗೆದ್ದದ್ದು ವಾದೊ ಅನ್ನುವ ಟೀಮ್. ಲಿಗೂರಿಯಾದ ಸಮುದ್ರ ತೀರದ ಒಂದು ಸಣ್ಣ ಊರು ಅದು.

ಇಟಲಿಯಲ್ಲಿ ಲೀಗ್ ಗೆದ್ದವರು ಮುಂದಿನ ವರ್ಷ ತಮ್ಮ ಜೆರ್ಸಿ ಮೇಲೆ ಸಣ್ಣ ಗುರಾಣಿಯ ಗುರುತು ಹಾಕಿಕೊಳ್ಳುತ್ತಾರೆ. ಅದು ಸ್ಕುದೆತ್ತೊ. ಕಪ್ ಗೆದ್ದವರು ಹಸಿರು, ಬಿಳಿ, ಕೆಂಪಿನ ದುಂಡನೆಯ ಗುರುತು ಹಾಕಿಕೊಳ್ಳುತ್ತಾರೆ. ಅದು ಕೊಕ್ಕಾರ್ದಾ. ಒಂದು ವರ್ಷ ಎದೆ ಮೇಲೆ ದೇಶದ ಬಣ್ಣ, ಆಮೇಲೆ ಅದನ್ನು ಮತ್ತೆ ಗೆಲ್ಲಬೇಕು.

ಗಂಡಸರ ಫೈನಲ್ ಈಗ ರೋಮ್‌ನ ಒಲಿಂಪಿಕೊ ಸ್ಟೇಡಿಯಂನಲ್ಲಿ ನಡೆಯುತ್ತೆ. ಮಹಿಳೆಯರ ಫೈನಲ್ ಊರೂರು ತಿರುಗುತ್ತೆ. 2019ರಲ್ಲಿ ಪಾರ್ಮಾ, 2021ರಲ್ಲಿ ರೆಜ್ಜೊ ಎಮೀಲಿಯಾ, 2022ರಲ್ಲಿ ಫೆರಾರಾ, 2023ರಲ್ಲಿ ಸಲೆರ್ನೊ, 2024ರಲ್ಲಿ ಚೆಸೇನಾ. ಇದನ್ನು ಎರಡು ಥರ ನೋಡಬಹುದು. ಇವರಿಗೆ ಇನ್ನೂ ಸ್ವಂತ ಮನೆ ಇಲ್ಲ ಅನ್ನಬಹುದು. ಕಪ್ಪೇ ಜನರ ಮನೆ ಬಾಗಿಲಿಗೆ ಹೋಗುತ್ತೆ ಅಂತಲೂ ಅನ್ನಬಹುದು.

ಮೂರು ಪದ ಕಲಿಯೋಣ

ಒಂದು ದೇಶದ ಆಟ ಅರ್ಥ ಆಗಬೇಕು ಅಂದರೆ ಆ ಆಟದ ಪದಗಳು ಗೊತ್ತಿರಬೇಕು.

ಮೊದಲನೇ ಪದ ಕಾಲ್ಚೊ. ಯೂರೋಪಿನ ಎಷ್ಟೋ ಭಾಷೆಗಳು ಫುಟ್‌ಬಾಲ್ ಅನ್ನೋ ಇಂಗ್ಲಿಷ್ ಪದವನ್ನೇ ತಮ್ಮ ನಾಲಿಗೆಗೆ ಹೊಂದಿಸಿಕೊಂಡವು. ಇಟಲಿಯವರು ಹಾಗೆ ಮಾಡಲಿಲ್ಲ. ಫ್ಲಾರೆನ್ಸ್ ಊರಿನಲ್ಲಿ ನೂರಾರು ವರ್ಷದ ಹಿಂದೆ ಆಡುತ್ತಿದ್ದ ಒಂದು ಒರಟು ಚೆಂಡಾಟಕ್ಕೆ ಕಾಲ್ಚೊ ಅಂತಿದ್ದರು, ಅದೇ ಹೆಸರನ್ನು ಹೊಸ ಆಟಕ್ಕೂ ಇಟ್ಟರು. ಅರ್ಥ, ಒದೆತ. ನಮ್ಮ 'ಕಾಲ್ಚೆಂಡು' ಅದರ ಪಕ್ಕದಲ್ಲಿ ಎಷ್ಟು ಚೆನ್ನಾಗಿ ಕೂರುತ್ತೆ ನೋಡಿ! ಸಂಬಂಧ ಏನೂ ಇಲ್ಲ, ಬರೀ ಕಾಕತಾಳೀಯ. ಆದರೂ ಮೊದಲ ಸಲ ಗಮನಿಸಿದಾಗ ನನಗೆ ತುಂಬಾ ಖುಷಿ ಆಯ್ತು.

ಎರಡನೇ ಪದ ತೀಫೊ. ಅಭಿಮಾನಿಗಳು ಗ್ಯಾಲರಿಯಲ್ಲಿ ಮಾಡುವ ಗಲಾಟೆ, ಹಾಡು, ಬಾವುಟ ಎಲ್ಲಕ್ಕೂ ಸೇರಿ ಈ ಹೆಸರು. ಅಭಿಮಾನಿಗಳಿಗೆ ತಿಫೋಸಿ ಅಂತಾರೆ. ಇಟಾಲಿಯನ್‌ನಲ್ಲಿ ಟೈಫಸ್ ಜ್ವರಕ್ಕೂ ತೀಫೊ ಅಂತಾನೇ ಹೆಸರು. ನಮ್ಮ ಪೇಪರಿನವರು 'ಕ್ರಿಕೆಟ್ ಜ್ವರ' ಅಂತ ಬರೀತಾರಲ್ಲ, ಅದೇ.

ಮೂರನೇ ಪದ ಕಂಪನಿಲಿಸ್ಮೊ. ಕಂಪನೀಲೆ ಅಂದರೆ ಚರ್ಚಿನ ಗಂಟೆ ಗೋಪುರ. ನನ್ನ ಊರಿನ ಗೋಪುರವೇ ಶ್ರೇಷ್ಠ, ಪಕ್ಕದ ಊರಿನದು ಏನೂ ಅಲ್ಲ ಅನ್ನುವ ಅಭಿಮಾನವೇ ಕಂಪನಿಲಿಸ್ಮೊ. ಇಟಲಿ ಒಂದು ರಾಜ್ಯವಾಗಿ ಸೇರಿದ್ದು 1861ರಲ್ಲಿ. ಅದಕ್ಕೂ ಮುಂಚೆ ಊರೂರಿಗೂ ಬೇರೆ ಆಡಳಿತ, ಬೇರೆ ಸೈನ್ಯ, ಬೇರೆ ಜಗಳ. ಆ ಜಗಳ ಯುದ್ಧಭೂಮಿಯಿಂದ ಫುಟ್‌ಬಾಲ್ ಮೈದಾನಕ್ಕೆ ಬಂದು ಕೂತಿದೆ. ಪೀಸಾದವರಿಗೂ ಲಿವೊರ್ನೊದವರಿಗೂ ಮಧ್ಯೆ ಇರೋದು ಸ್ವಲ್ಪವೇ ದೂರ. ದ್ವೇಷಕ್ಕೆ ಮಾತ್ರ ಶತಮಾನಗಳ ವಯಸ್ಸು.

ಈ ಮೂರೂ ಸೇರಿದರೆ ಇಟಲಿಯ ಫುಟ್‌ಬಾಲ್ ಸಂಸ್ಕೃತಿ. ಒದೆತ, ಜ್ವರ, ಊರಿನ ಅಭಿಮಾನ. ಇದರಲ್ಲಿ ಹೆಂಗಸರು ಆಡಬಾರದು ಅನ್ನೋದಕ್ಕೆ ಏನಾದರೂ ಕಾರಣ ಇದೆಯಾ? ನನಗಂತೂ ಕಾಣಲಿಲ್ಲ. ಆದರೆ ನಡೆದದ್ದು ನೋಡಿ.

ಪಟ್ಟಿ ಶುರುವಾಗೋಕೆ ಮುಂಚೆ

1933ರಲ್ಲಿ ಮಿಲಾನ್ ನಗರದ ಕೆಲವು ಹುಡುಗಿಯರು ಸೇರಿ ಒಂದು ಫುಟ್‌ಬಾಲ್ ಗುಂಪು ಕಟ್ಟಿದರು. ಇಟಲಿಯ ಮೊದಲ ಮಹಿಳಾ ಟೀಮ್ ಅಂತ ಇದನ್ನೇ ಹೇಳುತ್ತಾರೆ. ಆಗ ಇದ್ದದ್ದು ಮುಸೊಲಿನಿಯ ಸರ್ಕಾರ. ಹೆಂಗಸಿನ ಕೆಲಸ ಮಕ್ಕಳನ್ನು ಹೆರುವುದು ಅಂತ ರಾಜಾರೋಷವಾಗಿ ಸಾರುತ್ತಿದ್ದ ಕಾಲ. ಈ ಹುಡುಗಿಯರು ಸ್ಕರ್ಟ್ ಹಾಕಿಕೊಂಡು ಆಡಿದರು. ಡಾಕ್ಟರುಗಳ ಅಭಿಪ್ರಾಯ ಕೇಳಿದರು. ಎಲ್ಲಕ್ಕೂ ಒಪ್ಪಿಕೊಂಡರು. ಆಮೇಲೆ ಒಂದು ವಿಚಿತ್ರ ನಿಯಮ ಬಂತು: ಗೋಲ್‌ನಲ್ಲಿ ಹುಡುಗಿ ನಿಲ್ಲೋ ಹಾಗಿಲ್ಲ. ಹೊಟ್ಟೆಗೆ ಚೆಂಡು ಬಿದ್ದರೆ ಮುಂದೆ ತಾಯಿಯಾಗೋಕೆ ತೊಂದರೆ ಅಂತ ಅದಕ್ಕೆ ಕಾರಣ. ಹಾಗಾಗಿ ಗೋಲ್‌ಕೀಪರ್ ಜಾಗದಲ್ಲಿ ಹುಡುಗರನ್ನು ನಿಲ್ಲಿಸಿದರು.

ಇಷ್ಟೆಲ್ಲ ತಗ್ಗಿ ಬಗ್ಗಿ ನಡೆದರೂ ಉಪಯೋಗ ಆಗಲಿಲ್ಲ. ಅದೇ ವರ್ಷ ಆ ಪ್ರಯತ್ನಕ್ಕೆ ತಡೆ ಬಿತ್ತು. ಮರುವರ್ಷ, 1934ರಲ್ಲಿ, ಇಟಲಿಯ ಗಂಡಸರು ತಮ್ಮ ನೆಲದಲ್ಲೇ ವಿಶ್ವಕಪ್ ಗೆದ್ದರು. ಇಡೀ ದೇಶಕ್ಕೆ ತೀಫೊ ಹತ್ತಿತು.

ಮುಂದೆ 1968ರಲ್ಲಿ ವಿಯರೆಜ್ಜೊ ಊರಿನಲ್ಲಿ ಮಹಿಳೆಯರ ಪ್ರತ್ಯೇಕ ಒಕ್ಕೂಟ ಹುಟ್ಟಿತು. ಅದೇ ವರ್ಷ ಮೊದಲ ಲೀಗ್ ನಡೆದು ಜಿನೋವಾ ಟೀಮ್ ಗೆದ್ದಿತು. 1970ರಲ್ಲಿ ಇಟಲಿಯಲ್ಲೇ ಮಹಿಳೆಯರ ಒಂದು ಅನಧಿಕೃತ ವಿಶ್ವಕಪ್ ನಡೆಯಿತು. ಟ್ಯೂರಿನ್‌ನಲ್ಲಿ ನಡೆದ ಫೈನಲ್‌ನಲ್ಲಿ ಇಟಲಿ ಡೆನ್ಮಾರ್ಕ್‌ಗೆ ಸೋತಿತು, ಆದರೆ ಸಾವಿರಾರು ಜನ ನೋಡೋಕೆ ಬಂದಿದ್ದರು. ಜನಕ್ಕೆ ಆಸಕ್ತಿ ಇಲ್ಲ ಅನ್ನೋ ಮಾತು ಹಾಗಾದರೆ ಎಲ್ಲಿಂದ ಬಂತು? ಮರುವರ್ಷ, 1971ರಲ್ಲಿ, ನಮ್ಮ ಕಪ್ ಶುರುವಾಯಿತು.

ಈಗ ಪಟ್ಟಿ

ಇಡೀ ಪಟ್ಟಿ ಹಾಕಿದರೆ ಪುಟ ತುಂಬತ್ತೆ. ಒಂದೊಂದು ಕಾಲದ ಸ್ಯಾಂಪಲ್ ತಗೊಳ್ಳೋಣ.

1971, ಮೊದಲ ಕಪ್: ರೋಮಾ. ಎಚ್ಚರ, ಇದು ಈಗಿನ ರೋಮಾ ಕ್ಲಬ್ಬಿನ ಟೀಮ್ ಅಲ್ಲ. ಆ ಕ್ಲಬ್ಬಿನ ಮಹಿಳಾ ಟೀಮ್ ಹುಟ್ಟಿದ್ದೇ 2018ರಲ್ಲಿ. ಹೆಸರು ಒಂದೇ, ಟೀಮ್ ಬೇರೆ.

1991ರಿಂದ 2011ರವರೆಗೆ ಎಂಟು ಸಲ: ತೊರ್ರೆಸ್. ಸಾರ್ಡೀನಿಯಾ ದ್ವೀಪದ ಸಾಸ್ಸರಿ ಅನ್ನುವ ಊರಿನ ಟೀಮ್.

2006, 2007, 2009: ಬಾರ್ದೊಲೀನೊ. ಗಾರ್ದಾ ಸರೋವರದ ದಡದ ಸಣ್ಣ ಊರು, ವೈನ್‌ಗೆ ಹೆಸರುವಾಸಿ.

2013, 2014: ತವಞಾಕೊ. ಉದಿನೆ ನಗರದ ಪಕ್ಕದ ಊರು, ಜನಸಂಖ್ಯೆ ಸುಮಾರು 15 ಸಾವಿರ.

2012, 2015, 2016: ಬ್ರೆಶಾ.

2017, 2018: ಫಿಯೊರೆಂತೀನಾ.

2019: ಯುವೆಂಟಸ್. 2020ರಲ್ಲಿ ಕೋವಿಡ್‌ನಿಂದ ಕಪ್ ಪೂರ್ತಿ ಆಗಲಿಲ್ಲ. 2021: ರೋಮಾ. 2022, 2023: ಯುವೆಂಟಸ್. 2024: ರೋಮಾ. 2025: ಯುವೆಂಟಸ್.

ಏನು ಕಾಣತ್ತೆ? 2016 ಮತ್ತು 2017ರ ನಡುವೆ ಒಂದು ಗೆರೆ ಎಳೆಯಿರಿ. ಗೆರೆಯ ಮೇಲೆ ಸಾಸ್ಸರಿ, ಬಾರ್ದೊಲೀನೊ, ತವಞಾಕೊ. ನಮ್ಮ ಫುಟ್‌ಬಾಲ್ ಪಂಡಿತರಿಗೂ ಗೊತ್ತಿಲ್ಲದ ಹೆಸರುಗಳು. ಗೆರೆಯ ಕೆಳಗೆ ಎಲ್ಲರಿಗೂ ಗೊತ್ತಿರುವ ದೊಡ್ಡ ಕ್ಲಬ್‌ಗಳು. ಆಟ ಅದೇ, ಕಪ್ ಅದೇ. ಬದಲಾದದ್ದು ಬೆನ್ನ ಹಿಂದೆ ನಿಂತವರು. ಮೊದಲು ಊರಿನವರು, ಸ್ಥಳೀಯ ವ್ಯಾಪಾರಿಗಳು ದುಡ್ಡು ಹಾಕಿ ನಡೆಸುತ್ತಿದ್ದರು. 1981ರಿಂದ 1983ರವರೆಗೆ ಸತತ ಮೂರು ಸಲ ಲೀಗ್ ಗೆದ್ದ ಲೆಚ್ಚೆ ಊರಿನ ಟೀಮಿನ ಹೆಸರೇ ಅಲಾಸ್ಕಾ. ಅದು ಐಸ್‌ಕ್ರೀಮ್ ಕಂಪನಿಯ ಹೆಸರು! ದೊಡ್ಡ ಕ್ಲಬ್‌ಗಳು ತಿರುಗಿಯೂ ನೋಡದ ಕಾಲದಲ್ಲಿ ಐಸ್‌ಕ್ರೀಮ್ ಮಾರುವವರು ಈ ಆಟವನ್ನು ಉಳಿಸಿದರು.

'ಹವ್ಯಾಸಿ' ಅನ್ನುವ ಒಂದು ಪದ

ದೊಡ್ಡ ಕ್ಲಬ್‌ಗಳು ಅಷ್ಟು ತಡವಾಗಿ ಯಾಕೆ ಬಂದವು? ಇಲ್ಲಿ ಕಾನೂನಿನ ಸ್ವಲ್ಪ ಪಾಠ ಬೇಕು. 1981ರಲ್ಲಿ ಇಟಲಿ ವೃತ್ತಿಪರ ಕ್ರೀಡೆಗೆ ಒಂದು ಕಾನೂನು ಮಾಡಿತು, 91ನೇ ನಂಬರಿನ ಕಾನೂನು. ಆಟಗಾರನೂ ಒಬ್ಬ ಕೆಲಸಗಾರ, ಅವನಿಗೆ ಕಾಂಟ್ರಾಕ್ಟ್, ವಿಮೆ, ಪಿಂಚಣಿ ಬೇಕು ಅಂತ ಅದು ಹೇಳಿತು. ತುಂಬಾ ಒಳ್ಳೆಯ ಕಾನೂನು. ಆದರೆ ಯಾವ ಆಟ ವೃತ್ತಿಪರ, ಯಾವುದು ಹವ್ಯಾಸ ಅಂತ ತೀರ್ಮಾನ ಮಾಡೋ ಅಧಿಕಾರವನ್ನು ಆಯಾ ಕ್ರೀಡಾ ಒಕ್ಕೂಟಕ್ಕೇ ಬಿಟ್ಟಿತು. ಯಾವ ಒಕ್ಕೂಟವೂ ಮಹಿಳೆಯರನ್ನು ವೃತ್ತಿಪರರ ಪಟ್ಟಿಗೆ ಸೇರಿಸಲಿಲ್ಲ.

1986ರಲ್ಲಿ ಮಹಿಳಾ ಫುಟ್‌ಬಾಲ್ ದೇಶದ ಮುಖ್ಯ ಒಕ್ಕೂಟದೊಳಗೆ ಬಂತು. ಆದರೆ ಕೂರಿಸಿದ್ದು ಹವ್ಯಾಸಿಗಳ ವಿಭಾಗದಲ್ಲಿ. ಕರೊಲೀನಾ ಮೊರಾಚೆಯನ್ನೇ ತಗೊಳ್ಳಿ. ಇಟಲಿ ತಂಡಕ್ಕೆ 105 ಗೋಲು. ಲೀಗ್‌ನಲ್ಲಿ 12 ಸಲ ಅತಿ ಹೆಚ್ಚು ಗೋಲು ಹೊಡೆದವಳು. 1990ರಲ್ಲಿ ಲಂಡನ್ನಿನ ವೆಂಬ್ಲಿಯಲ್ಲಿ ಇಂಗ್ಲೆಂಡ್ ವಿರುದ್ಧ ಒಂದೇ ಮ್ಯಾಚ್‌ನಲ್ಲಿ ನಾಲ್ಕು ಗೋಲು. 1999ರಲ್ಲಿ ವಿತೆರ್ಬೇಸೆ ಅನ್ನುವ ಗಂಡಸರ ವೃತ್ತಿಪರ ಟೀಮಿಗೇ ಕೋಚ್ ಆದವಳು. ಇಷ್ಟೆಲ್ಲ ಆದರೂ ಆಟಗಾರ್ತಿಯಾಗಿ ಕಾನೂನಿನ ಲೆಕ್ಕದಲ್ಲಿ ಅವಳು ಹವ್ಯಾಸಿ. ಭಾನುವಾರ ಬೆಳಿಗ್ಗೆ ಪಾರ್ಕಿನಲ್ಲಿ ಆಡುವವರ ಥರ.

ಆಗ ಹವ್ಯಾಸಿ ಅಂದರೆ ಪಿಂಚಣಿ ಇರಲಿಲ್ಲ, ಸರಿಯಾದ ಕೆಲಸದ ಕಾಂಟ್ರಾಕ್ಟ್ ಇರಲಿಲ್ಲ. ವರ್ಷಕ್ಕೆ ಕೊಡಬಹುದಾದ ಹಣಕ್ಕೂ ಒಂದು ಮಿತಿ ಇತ್ತು, ಸುಮಾರು 30 ಸಾವಿರ ಯೂರೋ. ಅದಕ್ಕೆ ಸಂಬಳ ಅಂತಾನೂ ಹೆಸರಿರಲಿಲ್ಲ. ಇದರ ಮೇಲೆ 'ವಿಂಕೊಲೊ' ಅಂತ ಒಂದು ಕಟ್ಟು. ಒಂದು ಕ್ಲಬ್ಬಿಗೆ ಸೇರಿದ ಹವ್ಯಾಸಿ ಆಟಗಾರ್ತಿ 25 ವರ್ಷ ಆಗೋವರೆಗೆ ಆ ಕ್ಲಬ್ ಬಿಟ್ಟರೆ ಮಾತ್ರ ಬೇರೆ ಕಡೆ ಹೋಗಬಹುದಿತ್ತು. ಸಂಬಳ ಕೇಳಿದರೆ ನೀನು ಕೆಲಸಗಾರ್ತಿ ಅಲ್ಲ. ಬಿಟ್ಟು ಹೋಗ್ತೀನಿ ಅಂದರೆ ನೀನು ನಮ್ಮವಳು!

2015ರ ಫೈನಲ್

ಈ ಪಟ್ಟಿಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ ಸಾಲು 2015. ಆ ವರ್ಷ ಹವ್ಯಾಸಿ ವಿಭಾಗದ ಅಧ್ಯಕ್ಷರು ಮಹಿಳಾ ಫುಟ್‌ಬಾಲಿಗೆ ಹಣ ಕೊಡುವ ವಿಷಯ ಬಂದಾಗ ಆಟಗಾರ್ತಿಯರ ಬಗ್ಗೆ ತೀರಾ ಕೀಳಾಗಿ ಮಾತಾಡಿದರು ಅಂತ ಒಂದು ಸಭೆಯ ನಡಾವಳಿಯಲ್ಲಿ ದಾಖಲಾಗಿತ್ತು. ಮೇ ತಿಂಗಳಲ್ಲಿ ಅದು ಹೊರಗೆ ಬಂತು. ಹಾಗೆ ಹೇಳೇ ಇಲ್ಲ ಅಂದರು ಅವರು. ಆದರೂ ಸ್ಥಾನ ಉಳಿಯಲಿಲ್ಲ.

ಕಪ್ ಫೈನಲ್ ಆಗ ಹತ್ತಿರದಲ್ಲೇ ಇತ್ತು, ಬ್ರೆಶಾ ಮತ್ತು ತವಞಾಕೊ ನಡುವೆ. ಎರಡೂ ಟೀಮಿನ ಆಟಗಾರ್ತಿಯರು ಸೇರಿ, ಫೈನಲ್ ಆಡಲ್ಲ ಅಂದರು. ಸ್ವಲ್ಪ ಯೋಚನೆ ಮಾಡಿ. ಕಂಪನಿಲಿಸ್ಮೊ ಇರುವ ದೇಶ. ಎದುರಾಳಿಯ ಗೋಪುರ ಬೀಳಲಿ ಅಂತ ಹಾರೈಸುವ ದೇಶ. ಅಲ್ಲಿ ಎರಡು ಎದುರಾಳಿ ಟೀಮ್‌ಗಳು, ಕಪ್ ಇನ್ನೇನು ಕೈಗೆ ಸಿಗುತ್ತೆ ಅನ್ನುವಾಗ ಒಟ್ಟಿಗೆ ನಿಂತವು. ಅವರು ಕೇಳಿದ್ದು ಕ್ಷಮೆ ಮಾತ್ರ ಅಲ್ಲ, ಆ ವಿಂಕೊಲೊ ಅನ್ನುವ ಕಟ್ಟು ಹೋಗಬೇಕು ಅಂತಲೂ ಕೇಳಿದರು. ಕೊನೆಗೆ ಮ್ಯಾಚ್ ನಡೆಯಿತು, ಬ್ರೆಶಾ ಗೆದ್ದಿತು. ಆದರೆ ವಿಷಯ ಇಡೀ ದೇಶದ ಬಾಯಿಗೆ ಬಂದಿತ್ತು.

ಅದೇ 2015ರಲ್ಲಿ ಫಿಯೊರೆಂತೀನಾ ಮಹಿಳಾ ಟೀಮ್ ಶುರು ಮಾಡಿತು. ಗಂಡಸರ ಮೊದಲ ದರ್ಜೆಯ ಕ್ಲಬ್ ಒಂದು ಹೀಗೆ ಮಾಡಿದ್ದು ಅದೇ ಮೊದಲು. 2017ರಲ್ಲಿ ಯುವೆಂಟಸ್, 2018ರಲ್ಲಿ ಮಿಲಾನ್, ರೋಮಾ ಬಂದವು. ನಾವು ಎಳೆದ ಗೆರೆ ಇದೇ.

ಜನ ಬಂದರು, ಕಾನೂನೂ ಬಂತು

2018ರ ವಿಶ್ವಕಪ್‌ಗೆ ಇಟಲಿಯ ಗಂಡಸರು ಅರ್ಹತೆ ಪಡೆಯಲಿಲ್ಲ. 1958ರ ನಂತರ ಅದೇ ಮೊದಲು. ಮರುವರ್ಷ ಮಹಿಳೆಯರು ತಮ್ಮ ವಿಶ್ವಕಪ್‌ನಲ್ಲಿ ಕ್ವಾರ್ಟರ್ ಫೈನಲ್ ತಲುಪಿದರು. ಬ್ರೆಜಿಲ್ ವಿರುದ್ಧದ ಮ್ಯಾಚನ್ನು ಇಟಲಿಯಲ್ಲಿ 70 ಲಕ್ಷಕ್ಕೂ ಹೆಚ್ಚು ಜನ ಟಿವಿಯಲ್ಲಿ ನೋಡಿದರು. ಅದೇ ವರ್ಷ ಮಾರ್ಚ್‌ನಲ್ಲಿ ಯುವೆಂಟಸ್ ಮತ್ತು ಫಿಯೊರೆಂತೀನಾ ಮಹಿಳೆಯರ ಲೀಗ್ ಮ್ಯಾಚ್‌ಗೆ ಟ್ಯೂರಿನ್‌ನ ದೊಡ್ಡ ಸ್ಟೇಡಿಯಂ ಬಾಗಿಲು ತೆರೆದರು. ಬಂದವರು 39,027 ಜನ. ಟಿಕೆಟ್ ಉಚಿತ ಇತ್ತು, ನಿಜ. ಆದರೆ ಉಚಿತ ಅಂತ ಯಾರೂ ಇಷ್ಟವಿಲ್ಲದ ಆಟಕ್ಕೆ ಭಾನುವಾರ ಹಾಳು ಮಾಡಿಕೊಳ್ಳಲ್ಲ.

ರಾಷ್ಟ್ರೀಯ ತಂಡದ ಕ್ಯಾಪ್ಟನ್ ಸಾರಾ ಗಾಮಾ ಮತ್ತು ಆಟಗಾರರ ಸಂಘ ಬಿಡದೆ ಕೇಳುತ್ತಾ ಹೋದರು. 2022ರ ಜುಲೈ 1ರಿಂದ ಮಹಿಳೆಯರ ಮೊದಲ ದರ್ಜೆಯ ಲೀಗ್ ವೃತ್ತಿಪರ ಆಯಿತು. ಕಾನೂನು ಬಂದು 41 ವರ್ಷ ಆದ ಮೇಲೆ.

ಲೆಕ್ಕದ ಇನ್ನೊಂದು ಬದಿ

ಇಲ್ಲಿಗೆ ನಿಲ್ಲಿಸಿದರೆ ಸುಖಾಂತ್ಯ. ಆದರೆ ಪಟ್ಟಿ ಇನ್ನೂ ಒಂದು ವಿಷಯ ಹೇಳುತ್ತೆ. ಎಂಟು ಕಪ್ ಗೆದ್ದ ತೊರ್ರೆಸ್‌ಗೆ 2015ರಲ್ಲಿ ಲೀಗ್‌ಗೆ ಹೆಸರು ನೋಂದಾಯಿಸೋಕೂ ಆಗಲಿಲ್ಲ. ಬ್ರೆಶಾ 2018ರಲ್ಲಿ ಮೊದಲ ದರ್ಜೆಯ ತನ್ನ ಜಾಗವನ್ನು ಮಿಲಾನ್‌ಗೆ ಬಿಟ್ಟುಕೊಟ್ಟು ಕೆಳಗಿನ ಲೀಗ್‌ನಿಂದ ಮತ್ತೆ ಶುರು ಮಾಡಬೇಕಾಯಿತು. ಯಾರೂ ಕೇಳದ ಕಾಲದಲ್ಲಿ ದೀಪ ಹಚ್ಚಿಟ್ಟವರು, ಕರೆಂಟ್ ಬಂದಾಗ ಕೋಣೆಯಲ್ಲಿ ಇರಲಿಲ್ಲ.

ದೊಡ್ಡ ಕ್ಲಬ್‌ಗಳು ಬಂದಿದ್ದು ತಪ್ಪಾ ಅಂತ ನನ್ನ ರೂಮ್‌ಮೇಟ್ ಕೇಳಿದಳು. ತಪ್ಪಲ್ಲ. ಸಂಬಳ, ವಿಮೆ, ಹೆರಿಗೆ ರಜೆ ಬೇಕು ಅಂದರೆ ದುಡ್ಡಿರುವವರು ಬರಲೇಬೇಕು. ಆದರೆ 2017ರಿಂದ ಕೆಳಗಿನ ಸಾಲುಗಳನ್ನು ಮಾತ್ರ ಓದಿದರೆ ಯುವೆಂಟಸ್, ರೋಮಾಗಳೇ ಮಹಿಳಾ ಫುಟ್‌ಬಾಲ್ ಹುಟ್ಟಿಸಿದವು ಅನ್ನಿಸುತ್ತೆ. ಆ ತಪ್ಪು ಆಗಬಾರದು ಅಂತಾನೇ ಇಡೀ ಪಟ್ಟಿ ಓದಬೇಕು.

ಕೊನೆಗೆ, ಗೋಲ್‌ಕೀಪರ್

ಇಟಾಲಿಯನ್‌ನಲ್ಲಿ ಗೋಲ್‌ಕೀಪರ್‌ಗೆ 'ಪೊರ್ತಿಯೆರೆ' ಅಂತಾರೆ. ಪುಲ್ಲಿಂಗ. ಅದನ್ನು ಸ್ತ್ರೀಲಿಂಗ ಮಾಡಿದರೆ 'ಪೊರ್ತಿಯೆರಾ' ಆಗುತ್ತೆ. ಆದರೆ ಆ ಪದ ಕೇಳಿದರೆ ಇಟಲಿಯವರಿಗೆ ಮೊದಲು ನೆನಪಾಗೋದು ಕಾರಿನ ಬಾಗಿಲು! ಹಾಗಾಗಿ ಹೆಂಗಸು ಗೋಲ್‌ನಲ್ಲಿ ನಿಂತರೂ ಸಾಮಾನ್ಯವಾಗಿ ಪೊರ್ತಿಯೆರೆ ಅಂತಲೇ ಕರೀತಾರೆ. ಕನ್ನಡದಲ್ಲಿ ನಮಗೆ 'ಆಟಗಾರ್ತಿ' ಇದೆ. ಗೋಲ್‌ಕೀಪರ್‌ಗೆ ಸ್ವಂತ ಪದ ಇಲ್ಲದಿದ್ದರೂ, 'ಗೋಲ್‌ಕೀಪರ್ ಹಾರಿದಳು' ಅಂದರೆ ಸಾಕು, ಕ್ರಿಯಾಪದವೇ ಎಲ್ಲ ಹೇಳಿಬಿಡತ್ತೆ. ನಮ್ಮ ವ್ಯಾಕರಣ ಎಷ್ಟು ಉಪಕಾರಿ ಅಂತ ನನಗೆ ಗೊತ್ತಾಗಿದ್ದು ಇಟಾಲಿಯನ್ ಪದ ಹುಡುಕುವಾಗ.

2021ರ ಫೈನಲ್ ಮಿಲಾನ್ ಮತ್ತು ರೋಮಾ ನಡುವೆ. ಎಷ್ಟು ಹೊತ್ತು ಆಡಿದರೂ ಒಂದೂ ಗೋಲು ಬರಲಿಲ್ಲ. ಪೆನಾಲ್ಟಿಗೆ ಹೋಯಿತು. ಪೆನಾಲ್ಟಿ ಅಂದರೆ ಇಡೀ ಮೈದಾನ ಖಾಲಿ, ಒಬ್ಬಳು ಹೊಡೆಯೋಳು, ಒಬ್ಬಳು ಹಿಡಿಯೋಳು. ರೋಮಾದ ಗೋಲ್‌ನಲ್ಲಿ ಇದ್ದವಳು ಕಮೇಲಿಯಾ ಚೆಯಸಾರ್. ರೋಮಾ ಗೆದ್ದಿತು. ಆ ಟೀಮಿಗೆ ಅದೇ ಮೊದಲ ಟ್ರೋಫಿ.

1933ರಲ್ಲಿ ಅದೇ ದೇಶದಲ್ಲಿ ಹುಡುಗಿ ನಿಲ್ಲಬಾರದು ಅಂದಿದ್ದ ಜಾಗ ಅದು. ಆ ಜಾಗ ನನಗೆ ಗೊತ್ತು. ಎರಡು ಕಂಬದ ನಡುವೆ ನಿಂತಾಗ ಗಾಳಿ ಬೇರೆ ಥರ ಬೀಸುತ್ತೆ, ಹೊಟ್ಟೆಯಲ್ಲಿ ಏನೋ ತಿರುಗುತ್ತೆ. ಚೆಂಡು ಹೊಟ್ಟೆಗೆ ಬಿದ್ದರೆ ನೋವಾಗುತ್ತೆ, ಅದೂ ನಿಜ. ಎರಡು ನಿಮಿಷ ಕೂತು ಎದ್ದರೆ ಹೋಗತ್ತೆ. ಪಟ್ಟಿಯಲ್ಲಿ ಹೆಸರು ಬರದಿದ್ದದ್ದು ಅಷ್ಟು ಬೇಗ ಹೋಗಲಿಲ್ಲ.

ಮುಂದಿನ ಸಲ ಈ ಕಪ್ಪಿನ ಫೈನಲ್ ಬಂದಾಗ ಯಾವ ಊರಲ್ಲಿ ನಡೀತಿದೆ ಅಂತ ಮ್ಯಾಪ್‌ನಲ್ಲಿ ಹುಡುಕಿ. ಆಮೇಲೆ ತವಞಾಕೊ ಎಲ್ಲಿದೆ ಅಂತಲೂ ನೋಡಿ. ಜೂಮ್ ಸ್ವಲ್ಪ ಜಾಸ್ತಿ ಮಾಡಬೇಕಾಗತ್ತೆ. ಹಾಂ, ನಮ್ಮ ಕಾಲೇಜಿನಲ್ಲಿ ಸಂಜೆ ಐದೂವರೆಗೆ ಹಿಂದಿನ ಗ್ರೌಂಡಿನಲ್ಲಿ ನಾವು ಏಳು ಜನ ಹುಡುಗಿಯರು ಆಡ್ತಾ ಇದ್ದೀವಿ. ಗೋಲ್‌ಕೀಪರ್ ಇದ್ದಾಳೆ. ಇನ್ನು ನಾಲ್ಕು ಜನ ಬೇಕು.